ಕೈಗೆ ಉಳಿದ ನೆನಪು

ದವಾಖಾನೆಯಲ್ಲಿ ಮರೆವಿನ ಪರೀಕ್ಷೆ ಸಾಮಾನ್ಯವಾಗಿ ತಾರೀಖಿನಿಂದ ಶುರುವಾಗುತ್ತದೆ. ಇದು ಯಾವ ಇಸವಿ, ಇವತ್ತು ಎಷ್ಟನೇ ತಾರೀಖು, ನೂರರಿಂದ ಏಳೇಳು ಕಳೆಯುತ್ತ ಬನ್ನಿ, ಈ ಚೀಟಿಯಲ್ಲಿ ಬರೆದದ್ದನ್ನು ಓದಿ ಹಾಗೆಯೇ ಮಾಡಿ. 1975ರಲ್ಲಿ ಅಮೆರಿಕದಲ್ಲಿ ಸಿದ್ಧವಾದ ಈ ಪ್ರಶ್ನಾವಳಿ ಇಂದಿಗೂ ಜಗತ್ತಿನ ತುಂಬ ಬಳಕೆಯಲ್ಲಿದೆ. ಆದರೆ ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಂಬತ್ತರ ಹತ್ತಿರ ಬಂದಿರುವ, ಸಾಲಿಯ ಮುಖ ನೋಡದ ಅಜ್ಜಿಗೆ ಇದನ್ನೇ ಕೇಳಿದರೆ, ಮೆದುಳು ಗಟ್ಟಿಮುಟ್ಟಾಗಿದ್ದರೂ ಆಕೆ ಅರ್ಧಕ್ಕರ್ಧ ಪ್ರಶ್ನೆಗಳಿಗೆ ತಡವರಿಸುತ್ತಾಳೆ. ಆಕೆ ಇಸವಿಯ ಲೆಕ್ಕದಲ್ಲಿ ಬದುಕಿದವಳೇ ಅಲ್ಲ. ಆಕೆಯ ವರ್ಷ ಕಾರಹುಣ್ಣಿವೆಯಿಂದ ಶೀಗಿ ಹುಣ್ಣಿವೆಗೆ, ಅಲ್ಲಿಂದ ಎಳ್ಳಮಾಸಿಗೆ ಸರಿಯುತ್ತದೆ. ಈ ಸಲ ಯಾವ ಮಳೆಗೆ ಹಿಂಗಾರಿ ಬಿಳಿಜೋಳ ಬಿತ್ತಿದರು, ಕಡಲೆ ಕೀಳಲು ಎಷ್ಟು ಆಳು ಬಂದಿದ್ದವು ಎಂದು ಕೇಳಿನೋಡಿ, ಥಟ್ಟನೆ ಹೇಳುತ್ತಾಳೆ.

ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದ ಭಾರತ-ಅಮೆರಿಕ ಸಂಶೋಧಕರ ತಂಡಕ್ಕೆ ಈ ತೊಡಕು ಬೇಗ ಗೊತ್ತಾಯಿತು. ಮೇರಿ ಗಂಗೂಲಿ ಮತ್ತು ಸಂಗಡಿಗರು 1995ರಲ್ಲಿ ಓದು ಬರಹ ಬಾರದವರಿಗೆಂದೇ ಹಿಂದಿಯಲ್ಲಿ ಬೇರೊಂದು ಪರೀಕ್ಷೆ ರೂಪಿಸಿದರು. ಅದರಲ್ಲಿ ಓದಿ ಮಾಡುವುದರ ಬದಲು ಎದುರಿಗಿದ್ದವರ ಮುಖ ನೋಡಿ ಅವರು ಮಾಡಿದಂತೆ ಮಾಡಬೇಕು. ಇದರ ಜೊತೆಗೆ ಮನೆಯವರನ್ನೂ ಕೇಳಬೇಕು: ಹಬ್ಬ ಹರಿದಿನ ನೆನಪಿಡುತ್ತಾರೆಯೇ, ಹೇಳಿದ ಕೆಲಸ ಮುಗಿಸುತ್ತಾರೆಯೇ, ಮನೆಯ ವ್ಯವಹಾರದಲ್ಲಿ ಮಾತು ಹೇಳುತ್ತಾರೆಯೇ?

ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳಲ್ಲಿ ಈ ಎರಡನೆಯ ಬಗೆಯ ಪರೀಕ್ಷೆಯೇ ಕೆಲಸಕ್ಕೆ ಬರುವುದು. ಅದನ್ನು ಮಾಡುವವರು ಮನೆಯವರೇ. ಎಳ್ಳಮಾಸಿಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಏನೇನು ಕಟ್ಟಿಕೊಳ್ಳಬೇಕೆಂದು ನಲವತ್ತು ವರ್ಷ ಮನೆಮಂದಿಗೆಲ್ಲ ಹೇಳಿಕೊಟ್ಟ ಅವ್ವ, ಈ ವರ್ಷ ಬುಟ್ಟಿಯ ಮುಂದೆ ಸುಮ್ಮನೆ ನಿಂತುಬಿಟ್ಟರೆ ಅದು ಲೆಕ್ಕಕ್ಕೆ ಬರುತ್ತದೆ. ಪಲ್ಯಕ್ಕೆ ಎರಡು ಸಲ ಉಪ್ಪು ಬೀಳುವುದು, ಪಿಂಚಣಿ ಹಣ ತಂದು ಎಲ್ಲಿಟ್ಟೆನೆಂದು ತಿಳಿಯದೆ ಸೊಸೆಯ ಮೇಲೆ ಸಂಶಯ ಪಡುವುದು, ದಿನಾ ಹೋಗುವ ಗುಡಿಯಿಂದ ಮನೆಗೆ ಬರುವ ದಾರಿ ತಪ್ಪುವುದು ಇವೂ ಅಷ್ಟೇ. ಕನ್ನಡಕ ಎಲ್ಲಿಟ್ಟೆ ಎಂಬುದು ಎಲ್ಲರಿಗೂ ಮರೆಯುತ್ತದೆ. ಕನ್ನಡಕ ಯಾತಕ್ಕೆ ಎಂಬುದೇ ಮರೆತರೆ ವೈದ್ಯರ ಹತ್ತಿರ ಹೋಗಬೇಕು.

ಇಲ್ಲಿ ನಮ್ಮದೇ ಗಾದೆಯೊಂದು ಅಡ್ಡ ಬರುತ್ತದೆ. ಅರವತ್ತಕ್ಕೆ ಅರಳುಮರಳು ಅಂದು ಸುಮ್ಮನಾಗುವವರೇ ಹೆಚ್ಚು. "ವಯಸ್ಸಾತಲ್ರೀ, ಇನ್ನ ಹಿಂಗಽ" ಎನ್ನುತ್ತ ವರ್ಷಗಟ್ಟಲೆ ದವಾಖಾನೆ ಕಡೆ ಹೊರಳುವುದಿಲ್ಲ. ಅರವತ್ತು ದಾಟಿದವರೆಲ್ಲ ಹೀಗಾಗುವುದಿಲ್ಲ. ಲಾಸಿ-ಡ್ಯಾಡ್ ಎಂಬ ರಾಷ್ಟ್ರೀಯ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ಭಾರತದಲ್ಲಿ 60 ಮೀರಿದವರಲ್ಲಿ ಡಿಮೆನ್ಷಿಯಾ ಇರುವವರು ನೂರಕ್ಕೆ 7.4, ಅಂದರೆ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಇದು ಹೆಚ್ಚು. ನೂರರಲ್ಲಿ ತೊಂಬತ್ತೆರಡು ಜನರಿಗೆ ಬಾರದ ಕಾಯಿಲೆಯನ್ನು ವಯಸ್ಸಿನ ಸಹಜ ಗುಣ ಎನ್ನಲಾಗದು.

ಸುಮ್ಮನಿರಬಾರದು ಎನ್ನಲು ಇನ್ನೂ ದೊಡ್ಡ ಕಾರಣವಿದೆ. ಮರೆವಿನಂತೆ ಕಾಣುವ ಕೆಲವು ತೊಂದರೆಗಳಿಗೆ ಔಷಧಿ ಇದೆ. ಥೈರಾಯ್ಡ್ ಕಡಿಮೆಯಾದರೆ ಮೆದುಳು ನಿಧಾನವಾಗುತ್ತದೆ, ಗುಳಿಗೆಯಿಂದ ಸರಿಹೋಗುತ್ತದೆ. ಮನಸ್ಸಿನ ಖಿನ್ನತೆ ಮುದುಕರಲ್ಲಿ ಎಷ್ಟೋ ಸಲ ಅಳುವಾಗಿ ಬಾರದೆ ಮರೆವಾಗಿ ಬರುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟು ತಗುಲಿ, ವಾರಗಳಾದ ಮೇಲೆ ಮಾತು ನಡಿಗೆ ತಪ್ಪತೊಡಗಿದರೆ ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಸೇರುತ್ತಿರಬಹುದು, ಶಸ್ತ್ರಕ್ರಿಯೆಯಿಂದ ಅದು ಪರಿಹಾರವಾಗುತ್ತದೆ. ನಮ್ಮ ಭಾಗಕ್ಕೆ ಬಹಳ ಮುಖ್ಯವಾದದ್ದು ಬಿ-12 ಜೀವಸತ್ವ. ಅದು ಸಿಗುವುದು ಮಾಂಸ, ಮೊಟ್ಟೆ, ಹಾಲು, ಮೊಸರಿನಲ್ಲಿ. ರೊಟ್ಟಿ, ಕಾಳುಪಲ್ಯ, ಸೊಪ್ಪಿನಲ್ಲಿ ಇಲ್ಲ. ತಲೆತಲಾಂತರದಿಂದ ಶಾಕಾಹಾರಿಯಾದ ಮನೆಯಲ್ಲಿ, ಹಲ್ಲು ಬಿದ್ದು ಊಟ ಕಡಿಮೆಯಾದ, ಇದ್ದ ಹಾಲನ್ನು ಮೊಮ್ಮಕ್ಕಳಿಗೆ ಬಿಟ್ಟುಕೊಟ್ಟ ಅಜ್ಜಿಯ ಮೈಯಲ್ಲಿ ಬಿ-12 ಬರಿದಾಗಿರುವುದು ಅಪರೂಪವಲ್ಲ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಗುಳಿಗೆ ತೆಗೆದುಕೊಂಡವರಲ್ಲೂ ಅದು ಇಳಿಯುತ್ತದೆ. ಒಂದು ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ, ಅಗ್ಗದ ಇಂಜೆಕ್ಷನ್ನಿನಿಂದ ತುಂಬುತ್ತದೆ. ಬಹಳ ತಡವಾದರೆ ಪೂರ್ತಿ ತುಂಬಲಾರದು.

ದಿನಗಳಲ್ಲಿ ಬಂದ ಗೊಂದಲ ಬೇರೆ, ವರ್ಷಗಳಲ್ಲಿ ಬಂದ ಮರೆವು ಬೇರೆ. ನಿನ್ನೆ ಮೊನ್ನೆಯವರೆಗೆ ನೆಟ್ಟಗಿದ್ದವರು ಒಮ್ಮೆಲೆ ಏನೇನೋ ಮಾತಾಡತೊಡಗಿದರೆ ಮೂತ್ರದ ಸೋಂಕು, ಜ್ವರ, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೊಸ ಗುಳಿಗೆ, ಇಲ್ಲವೇ ನೀರಿನ ಕೊರತೆ ಕಾರಣವಿರಬಹುದು. ಏಪ್ರಿಲ್-ಮೇ ತಿಂಗಳ ಎರೆನೆಲದ ಬಿಸಿಲಿನಲ್ಲಿ ಮುದುಕರು ಸಾಕಷ್ಟು ನೀರು ಕುಡಿಯುವುದಿಲ್ಲ. ಬಾಯಾರಿಕೆಯ ಅರಿವೇ ಆ ವಯಸ್ಸಿನಲ್ಲಿ ಮಂದವಾಗಿರುತ್ತದೆ. ಇಂಥ ಗೊಂದಲಕ್ಕೆ "ಗಾಳಿ ಸೋಕೇತಿ" ಎಂದು ತಾಯಿತ ಕಟ್ಟಿಸಿ ಎರಡು ದಿನ ಕಳೆದರೆ ಜೀವಕ್ಕೇ ಅಪಾಯ. ಅವತ್ತೇ ದವಾಖಾನೆಗೆ ಕರೆದೊಯ್ಯಬೇಕು.

ಇವೆಲ್ಲ ಅಲ್ಲವೆಂದಾದ ಮೇಲೆ ಉಳಿಯುವುದು ನಿಜವಾದ ಡಿಮೆನ್ಷಿಯಾ. ಅದರಲ್ಲಿ ದೊಡ್ಡ ಪಾಲು, ನೂರಕ್ಕೆ ಅರವತ್ತರಿಂದ ಎಪ್ಪತ್ತು, ಅಲ್ಜೈಮರ್ ಕಾಯಿಲೆ. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ ಇದನ್ನು ಮೊದಲು ವಿವರಿಸಿದ್ದು 1906ರಲ್ಲಿ. ಮೆದುಳಿಗೆ ರಕ್ತ ಸಾಲದೆ, ಸಣ್ಣ ಸಣ್ಣ ಲಕ್ವಾ ಹೊಡೆದು ಬರುವಂಥದ್ದು ಇನ್ನೊಂದು. ಎರಡೂ ಕೂಡಿ ಬರುವುದು ಮುದುಕರಲ್ಲಿ ಸಾಮಾನ್ಯ. ಇದನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇವತ್ತಿಗೂ ಇಲ್ಲ. ಡೊನೆಪೆಜಿಲ್‌ನಂಥ ಗುಳಿಗೆಗಳು ಕೆಲವರಿಗೆ ಕೆಲವು ಕಾಲ ಸ್ವಲ್ಪ ಅನುಕೂಲ ಮಾಡುತ್ತವೆ. ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್‌ನಂಥ ಹೊಸ ಇಂಜೆಕ್ಷನ್ನುಗಳು ಕಾಯಿಲೆಯ ಆರಂಭದಲ್ಲಿ ಮಾತ್ರ ಅದರ ಓಟವನ್ನು ತುಸು ತಗ್ಗಿಸುತ್ತವೆ. ಅವುಗಳಿಂದ ಮೆದುಳಿನಲ್ಲಿ ಊತವೋ ರಕ್ತಸ್ರಾವವೋ ಆಗಿದೆಯೇ ಎಂದು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ನೋಡುತ್ತಿರಬೇಕು. ಗಜೇಂದ್ರಗಡದ ನೇಕಾರರ ಮನೆಗೆ ಅದು ಸದ್ಯಕ್ಕೆ ದೂರದ ಮಾತು. ನಮ್ಮ ಕೈಯಲ್ಲಿ ಉಳಿದಿರುವುದು ಬೆಳಗಿನಿಂದ ರಾತ್ರಿಯವರೆಗಿನ ದಿನಚರಿ. ಗತಿಯಿಲ್ಲದೆ ಹೇಳಿದ ಮಾತು ಇದಲ್ಲ. ದಿನಚರಿ ಯಾಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಮೆದುಳಿನ ರಚನೆಯಲ್ಲೇ ಕಾರಣವಿದೆ.

1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ವಿಲಿಯಂ ಸ್ಕೊವಿಲ್ ಎಂಬ ಶಸ್ತ್ರವೈದ್ಯ, ತೀವ್ರ ಮೂರ್ಛೆರೋಗದಿಂದ ಬಳಲುತ್ತಿದ್ದ ಇಪ್ಪತ್ತೇಳರ ಹೆನ್ರಿ ಮೊಲೈಸನ್ ಎಂಬಾತನ ಮೆದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗವನ್ನು ಬಹುಪಾಲು ತೆಗೆದುಹಾಕಿದ. ಮೂರ್ಛೆ ಕಡಿಮೆಯಾಯಿತು, ಆದರೆ ಅಂದಿನಿಂದ ಹೊಸ ನೆನಪು ನಿಲ್ಲುವುದೇ ನಿಂತುಹೋಯಿತು. ಎದುರಿಗೆ ಕೂತು ಮಾತಾಡಿದವರು ಎದ್ದು ಹೋಗಿ ಐದು ನಿಮಿಷಕ್ಕೆ ಮರಳಿ ಬಂದರೆ ಹೊಸಬರಂತೆ ನೋಡುತ್ತಿದ್ದ. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವನಿಗೆ ಒಂದು ಕೆಲಸ ಕೊಟ್ಟರು. ಕನ್ನಡಿಯಲ್ಲಿ ಕೈಯನ್ನು ನೋಡುತ್ತ, ಕಾಗದದ ಮೇಲಿನ ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಮೊದಲು ಯಾರಿಗಾದರೂ ಕಷ್ಟವೇ. ಮೂರು ದಿನ ಮಾಡಿಸಿದರು. ಪ್ರತಿದಿನವೂ ಹೆನ್ರಿಗೆ ಇದು ಹಿಂದೆಂದೂ ಮಾಡದ ಕೆಲಸ, ಆದರೆ ದಿನದಿಂದ ದಿನಕ್ಕೆ ಅವನ ಗೆರೆ ಚೊಕ್ಕವಾಗುತ್ತ ಹೋಯಿತು. ಕಲಿತದ್ದು ಅವನಿಗೆ ಗೊತ್ತಿರಲಿಲ್ಲ, ಅವನ ಕೈಗೆ ಗೊತ್ತಿತ್ತು.

ನಡೆದ ಸಂಗತಿಯನ್ನು ನೆನಪಿಡುವ ಮೆದುಳಿನ ಭಾಗ ಬೇರೆ, ಕೈಕಾಲಿನ ರೂಢಿಯನ್ನು ಇಟ್ಟುಕೊಳ್ಳುವ ಭಾಗ ಬೇರೆ ಎಂದು ಈ ಪ್ರಯೋಗದಿಂದ ತಿಳಿಯಿತು. ಅಲ್ಜೈಮರ್ ಮೊದಲು ಕೆಡಿಸುವುದು ಹಿಪೊಕ್ಯಾಂಪಸ್ ಮತ್ತು ಅದರ ನೆರೆಹೊರೆಯನ್ನು. ರೂಢಿಯನ್ನು ಕಾಯುವ ಆಳದ ಭಾಗಗಳಿಗೆ, ಹಿಂದಿನ ಕಿರುಮೆದುಳಿಗೆ ಅದು ತಡವಾಗಿ ತಲುಪುತ್ತದೆ. ಹಾಗಾಗಿ ಬೆಳಿಗ್ಗೆ ಏನು ಉಂಡೆ ಎಂದು ಹೇಳಲಾಗದ ಹೆಂಗಸು, ಮುಂದೆ ಪರಾತ ಇಟ್ಟು ಎಸರಿನ ನೀರು ಹಾಕಿದ ಜೋಳದ ಹಿಟ್ಟು ಕೊಟ್ಟರೆ ನಾದುತ್ತಾಳೆ. ಅಂಗೈಯ ಬುಡದಿಂದ ಹಿಟ್ಟನ್ನು ಮುಂದಕ್ಕೆ ಒತ್ತಿ ಬೆರಳಿಂದ ಹಿಂದಕ್ಕೆ ಎಳೆಯುವುದು, ಮುದ್ದೆ ಬಿರಿಯದಷ್ಟು ಮೆತ್ತಗಾಯಿತೋ ಎಂದು ಹೆಬ್ಬೆರಳಲ್ಲಿ ಒತ್ತಿ ನೋಡುವುದು, ಬಡಿಯುವಾಗ ರೊಟ್ಟಿ ತಾನೇ ತಿರುಗುವಂತೆ ಕೈ ಓರೆ ಮಾಡುವುದು, ಇವು ಯಾವುವನ್ನೂ ಆಕೆ ನೆನಪಿಸಿಕೊಂಡು ಮಾಡಬೇಕಿಲ್ಲ. ಹಂಚಿನ ಕಾವು, ಒಲೆಯ ಬೆಂಕಿ ಮಾತ್ರ ಬೇರೆಯವರ ಕೈಯಲ್ಲಿರಬೇಕು. ಎಷ್ಟು ರೊಟ್ಟಿ ಆದವು ಎಂಬ ಲೆಕ್ಕ ಯಾರಿಗೂ ಬೇಡ.

ಗಜೇಂದ್ರಗಡದಲ್ಲಿ ಇದೇ ಮಾತನ್ನು ಮಗ್ಗಕ್ಕೆ ಹೇಳಬಹುದು. ಪಟ್ಟೆದಂಚಿನ ಸೀರೆಗೆ ಹೆಸರಾದ ಊರು ಅದು. ನೇಯುವುದಕ್ಕೆ ಕಣ್ಣು, ಕೈ, ಕಾಲು ಮೂರೂ ಒಮ್ಮೆಗೇ ಬೇಕು, ಕಾಯಿಲೆ ಬಲಿತವರಿಗೆ ಅದು ಆಗದಿರಬಹುದು. ಕಂಡಿಕೆ ಸುತ್ತುವುದು ಆಗುತ್ತದೆ. ಬಹುಕಾಲ ಮನೆಯ ಹಿರಿಯರೇ ಮಾಡುತ್ತಿದ್ದ ಕೆಲಸ ಅದು. ರೋಣದ ಕಡೆಯ ಮನೆಗಳಲ್ಲಿ ಹೆಸರುಕಾಳು ಹಸನು ಮಾಡುವುದು, ಶೇಂಗಾ ಸುಲಿಯುವುದು, ಬತ್ತಿ ಹೊಸೆಯುವುದು. ಹತ್ತಿ ಬೆಳೆಯುವ ನಾಡಿನಲ್ಲಿ ಬತ್ತಿ ಹೊಸೆಯಲು ಬಾರದ ಅಜ್ಜಿಯರು ಕಡಿಮೆ. ಇಂಥ ಕೆಲಸ ಕೊಡುವುದೆಂದರೆ ಮುದುಕರನ್ನು ದುಡಿಸುವುದಲ್ಲ. "ಅವ್ವಾ, ನೀ ಸುಮ್ನ ಕುಂದರು, ನಾವ್ ಮಾಡ್ತೇವಿ" ಎಂಬ ಅಕ್ಕರೆಯ ಮಾತು ಅವರ ಕೈಯಲ್ಲಿ ಉಳಿದ ಕೊನೆಯ ಕೌಶಲವನ್ನೂ ಬೇಗ ಕಸಿಯುತ್ತದೆ. ಬಳಸದ ರೂಢಿ ಬೇಗ ಅಳಿಯುತ್ತದೆ.

ಹಾಡೂ ಹೀಗೆಯೇ. ಹಳೆಯ ಹಾಡಿನ ನೆನಪನ್ನು ಹಿಡಿದಿಡುವ ಮೆದುಳಿನ ಭಾಗಗಳು ಅಲ್ಜೈಮರ್‌ನಲ್ಲಿ ತಡವಾಗಿ ಕೆಡುತ್ತವೆ ಎಂದು 2015ರ ಜರ್ಮನಿಯ ಅಧ್ಯಯನವೊಂದು ತೋರಿಸಿತು. ಭೀಮಸೇನ ಜೋಶಿಯವರು ಹುಟ್ಟಿದ ರೋಣ ಇದು, ಗದಗಿನ ವೀರೇಶ್ವರ ಪುಣ್ಯಾಶ್ರಮ ಹತ್ತಿರದಲ್ಲೇ ಇದೆ, ಭಜನಾ ಮೇಳವಿಲ್ಲದ ಹಳ್ಳಿ ಈ ಭಾಗದಲ್ಲಿ ಹುಡುಕಬೇಕು. ಮಾತು ಕಡಿಮೆಯಾದ ಅಪ್ಪನನ್ನು ಸೋಮವಾರದ ಭಜನೆಗೆ ಕರೆದೊಯ್ದು ಕೈಗೆ ತಾಳ ಕೊಡಿ. ಮಗನ ಹೆಸರು ನೆನಪಾಗದಿದ್ದರೂ ಪಲ್ಲವಿ ತಪ್ಪದೆ ಬರಬಹುದು.

ಹಳೆಯ ನೆನಪು ಗಟ್ಟಿ, ಹೊಸದು ಸಡಿಲ ಎಂಬುದನ್ನು ಎಲ್ಲರೂ ಕಂಡಿರುತ್ತಾರೆ. ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದದಲ್ಲಿ ರೈತರು ದಂಗೆ ಎದ್ದಾಗ ಮೂವತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತೈದರ ಆಸುಪಾಸಿನಲ್ಲಿದ್ದಾರೆ. ಅವರಲ್ಲಿ ಮರೆವು ಹತ್ತಿದವರನ್ನು ಅವತ್ತಿನ ಬಗ್ಗೆ ಕೇಳಿದರೆ ಯಾವ ಕಡೆಯಿಂದ ಚಕ್ಕಡಿಗಳು ಬಂದವು, ಯಾರು ಪಕ್ಕದಲ್ಲಿದ್ದರು ಎಂದು ಹೇಳಿಯಾರು. ಈ ಮಾತು ಆಡಿಸುವುದು ಹೊತ್ತುಗಳೆಯುವ ಆಟವಲ್ಲ. ಮುಂಜಾನೆಯಿಂದ ಸಂಜೆವರೆಗೆ "ಗೊತ್ತಿಲ್ಲ" ಎನ್ನುವ ಮನುಷ್ಯನಿಗೆ ಗೊತ್ತಿರುವ ಸಂಗತಿಯನ್ನು ಹೇಳುವ ಅವಕಾಶ ಅದು. ಪ್ರಶ್ನೆ ಮಾತ್ರ ಪರೀಕ್ಷೆಯಂತಿರಬಾರದು. "ನಾ ಯಾರು ಹೇಳು ನೋಡೂಣು?" ಎಂದು ಬಂದ ನೆಂಟರೆಲ್ಲ ಮುದುಕರ ಮುಖಕ್ಕೆ ಮುಖ ಕೊಟ್ಟು ಕೇಳುತ್ತಾರೆ. ಇದನ್ನು ಬಿಡಿಸಲೇಬೇಕು. "ಅಜ್ಜಾ, ನಾ ನಿನ್ನ ಎರಡನೇ ಮಗಳ ಮಗ ಬಂದೇನಿ" ಎಂದು ತಾನೇ ಹೇಳಿದರೆ ಮುದುಕರ ಮರ್ಯಾದೆ ಉಳಿಯುತ್ತದೆ.

ಇನ್ನು ದಿನದ ಏಟುಪೆಟ್ಟುಗಳಿಗೆ ಬರೋಣ. ಜಳಕದ ಹೊತ್ತು ಹಲವು ಮನೆಗಳಲ್ಲಿ ರಂಪದ ಹೊತ್ತು. ತಲೆಯ ಮೇಲೆ ಒಮ್ಮೆಲೆ ನೀರು ಬಿದ್ದರೆ, ಅದು ಏನೆಂದು ತಿಳಿಯದ ಮೆದುಳಿಗೆ ದಾಳಿಯಂತೆಯೇ ಅನಿಸುತ್ತದೆ. ಮೊದಲು ಕಾಲಿಗೆ, ಆಮೇಲೆ ಕೈಗೆ, ಕೊನೆಗೆ ಮೈಗೆ ನೀರು ಹಾಕಬೇಕು. ತಂಬಿಗೆಯನ್ನು ಅವರ ಕೈಗೇ ಕೊಟ್ಟರೆ ಎಷ್ಟೋ ಸಲ ತಾವೇ ಎರೆದುಕೊಳ್ಳುತ್ತಾರೆ. ಹೊತ್ತು ಒಂದೇ ಇರಬೇಕು, ಜಾಗ ಒಂದೇ ಇರಬೇಕು, ಆದಷ್ಟು ಕೈಯೂ ಒಂದೇ ಇರಬೇಕು. ಅವರು ಸಿಟ್ಟಾದರೆ ಅರ್ಧ ತಾಸು ಬಿಟ್ಟು ಮತ್ತೆ ಕರೆದರಾಯಿತು. ಒಂದು ದಿನ ಜಳಕ ತಪ್ಪಿದರೆ ಯಾರಿಗೂ ಏನೂ ಆಗುವುದಿಲ್ಲ.

ಸಂಜೆ ಇನ್ನೂ ಕಷ್ಟ. ಬೆಳಕು ಇಳಿಯುತ್ತ ಬಂದಂತೆ ಗಾಬರಿ, ಸಿಡುಕು, ತಿರುಗಾಟ ಹೆಚ್ಚಾಗುವುದು ಈ ಕಾಯಿಲೆಯಲ್ಲಿ ಜಗತ್ತಿನೆಲ್ಲೆಡೆ ಕಂಡ ಸಂಗತಿ. ದೇಹದ ಒಳಗಿನ ಗಡಿಯಾರ ಹದಗೆಟ್ಟಿರುವುದು, ದಿನವಿಡೀ ಆದ ದಣಿವು, ಮಬ್ಬಿನಲ್ಲಿ ನೆರಳು ಕಂಡು ಹೆದರುವುದು ಎಲ್ಲವೂ ಇದರಲ್ಲಿ ಸೇರಿವೆ. ನಮ್ಮಲ್ಲಿ ಅದು ಹೆಚ್ಚಾಗಿ ತವರಿನ ಮಾತಾಗಿ ಹೊರಬರುತ್ತದೆ. "ಕತ್ತಲಾತು, ನಮ್ಮೂರಿಗೆ ಹೋಗಬೇಕು. ಅಪ್ಪ ದಾರಿ ಕಾಯ್ತಿರ್ತಾನ" ಎಂದು ಎಂಬತ್ತರ ಅತ್ತೆ ಸೀರೆ ಗಂಟು ಕಟ್ಟುತ್ತ ಕೂತಿರುತ್ತಾಳೆ. "ನಿಮ್ಮಪ್ಪ ಸತ್ತು ನಲವತ್ತು ವರ್ಷಾತಲ್ರೀ ಅತ್ತಿ" ಎಂದು ಸೊಸೆ ಹೇಳುವುದು ಸತ್ಯವೇ. ಆದರೆ ಆ ಸಾವು ಆಕೆಗೆ ಆ ಕ್ಷಣಕ್ಕೆ ಹೊಸ ಸುದ್ದಿ. ಅತ್ತು ಕರೆದು, ಅತ್ತದ್ದು ಯಾಕೆಂಬುದನ್ನು ಮರೆಯುತ್ತಾಳೆ. ನಾಳೆ ಸಂಜೆ ಮತ್ತೆ ಅದೇ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಅಲ್ಜೈಮರ್ ಇದ್ದವರಿಗೆ ದುಃಖದ ಮತ್ತು ಸಂತೋಷದ ಚಿತ್ರದ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲೇ ಏನು ನೋಡಿದೆವೆಂಬುದು ಅವರ ಮನಸ್ಸಿನಿಂದ ಜಾರಿತ್ತು. ದುಃಖ ಉಳಿದಿತ್ತು, ಸಂತೋಷವೂ ಉಳಿದಿತ್ತು. ನೋಡಿದ್ದನ್ನು ಹೆಚ್ಚು ಮರೆತವರಲ್ಲೇ ದುಃಖ ಹೆಚ್ಚು ಹೊತ್ತು ನಿಂತಿತ್ತು. ಬೈದದ್ದು ಮರೆಯುತ್ತದೆ, ಬೈಸಿಕೊಂಡ ಸಂಕಟ ಉಳಿಯುತ್ತದೆ. ಒಳ್ಳೆಯ ಮಾತು ಆಡಿದ್ದು ಮರೆಯುತ್ತದೆ, ಹಿತವೆನಿಸಿದ್ದು ಉಳಿಯುತ್ತದೆ. ಹೇಗೂ ಮರೀತಾರೆ ಬಿಡು ಎಂದು ಗದರುವವರು ಇದನ್ನು ತಿಳಿದಿರಬೇಕು.

ಹಾಗಾಗಿ ಸೊಸೆ ಹೇಳಬೇಕಾದದ್ದು ಬೇರೆ. "ನಿಮ್ಮೂರಾಗ ಬಾವಿ ಎಲ್ಲಿತ್ರೀ ಅತ್ತಿ? ಬರ್ರಿ, ಚಾ ಕುಡಕೋತ ಹೇಳ್ರಿ." ಸುಳ್ಳು ಹೇಳಿದಂತಾಗಲಿಲ್ಲ, ಗಾಯ ಮಾಡಿದಂತೆಯೂ ಆಗಲಿಲ್ಲ. ಹೊತ್ತು ಮುಳುಗುವ ಮುಂಚೆಯೇ ದೀಪ ಹಾಕಿ, ಮಧ್ಯಾಹ್ನದ ನಿದ್ದೆ ಉದ್ದವಾಗದಂತೆ ನೋಡಿಕೊಂಡು, ನಾಲ್ಕರ ಸುಮಾರಿಗೆ ಓಣಿಯಲ್ಲಿ ಒಂದು ಸುತ್ತು ನಡೆಸಿ ತಂದರೆ ಎಷ್ಟೋ ಸಂಜೆಗಳು ಹಗುರಾಗುತ್ತವೆ. ರಾತ್ರಿ ನಿದ್ದೆ ಇಲ್ಲವೆಂದು ಔಷಧಿ ಅಂಗಡಿಯಿಂದ ಗುಳಿಗೆ ತಂದು ನುಂಗಿಸುವುದು ಅಪಾಯ. ನಿದ್ದೆಗುಳಿಗೆಯಿಂದ ಬೀಳುವುದೂ ಗೊಂದಲವೂ ಹೆಚ್ಚುತ್ತವೆ. ಹುಚ್ಚಿನ ಹತೋಟಿಗೆಂದು ಕೊಡುವ ಕೆಲವು ಔಷಧಿಗಳು ಡಿಮೆನ್ಷಿಯಾ ಇರುವ ಮುದುಕರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ತಜ್ಞರು ತೂಗಿ ನೋಡಿ, ಕಡಿಮೆ ಪ್ರಮಾಣದಲ್ಲಿ, ಕೆಲವು ಕಾಲಕ್ಕಷ್ಟೇ ಕೊಡಬೇಕಾದಂಥವು ಅವು.

ದಾರಿ ತಪ್ಪುವ ಭಯವೂ ಇದೆ. ಓಣಿಯಲ್ಲಿ ಎಲ್ಲರಿಗೂ ಗುರುತಿರುವುದರಿಂದ ಊರೊಳಗೆ ಹೆಚ್ಚು ಚಿಂತೆಯಿಲ್ಲ, ಬಸ್ ಸ್ಟ್ಯಾಂಡ್ ಮುಟ್ಟಿದರೆ ಕಷ್ಟ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಗಿದೆ. ಈ ಅನುಕೂಲದಿಂದ ಬಹಳ ಹೆಂಗಸರ ಬದುಕು ಹಗುರಾಗಿದೆ. ಆದರೆ ಮರೆವಿನ ಅಜ್ಜಿಯೊಬ್ಬಳು ತವರಿನ ಹೆಸರು ಹೇಳಿ ಬಸ್ ಹತ್ತಿದರೆ ಟಿಕೆಟ್ಟಿನ ದುಡ್ಡಿಲ್ಲವೆಂಬ ತಡೆ ಈಗ ಇಲ್ಲ. ಕುಪ್ಪಸದ ಒಳಕಿಸೆಯಲ್ಲಿ ಮನೆಯವರ ಫೋನ್ ನಂಬರಿನ ಚೀಟಿ ಹೊಲಿದಿಡಿ, ಮೊಬೈಲಿನಲ್ಲಿ ಇತ್ತೀಚಿನ ಫೋಟೋ ಇಟ್ಟುಕೊಳ್ಳಿ. ಬಸ್ ಸ್ಟ್ಯಾಂಡಿನ ಕಂಟ್ರೋಲರ್‌ಗೂ ಚಾದಂಗಡಿಯವರಿಗೂ ಮೊದಲೇ ಹೇಳಿಡಿ. ಕಾಯಿಲೆಯನ್ನು ಮುಚ್ಚಿಟ್ಟ ಮನೆಗೆ ಈ ನೆರವು ಸಿಗುವುದಿಲ್ಲ.

ಇನ್ನೊಂದು ಮಾತನ್ನು ಹೊಲವಿರುವ ಮನೆಯವರು ಗಂಭೀರವಾಗಿ ತೆಗೆದುಕೊಳ್ಳಬೇಕು. ಉತಾರದಲ್ಲಿ ಅಪ್ಪನ ಹೆಸರಿರುತ್ತದೆ, ಬ್ಯಾಂಕಿನಲ್ಲಿ ಅವ್ವನ ಹೆಬ್ಬೆಟ್ಟಿರುತ್ತದೆ. ಕಾಯಿಲೆಯ ಆರಂಭದಲ್ಲಿ ಅವರಿಗೆ ತಮ್ಮ ಇಚ್ಛೆ ಹೇಳುವಷ್ಟು ತಿಳಿವಳಿಕೆ ಇರುತ್ತದೆ. ಆಗಲೇ, ಎಲ್ಲ ಮಕ್ಕಳ ಎದುರಿಗೆ, ವಕೀಲರ ಮುಂದೆ ವ್ಯವಸ್ಥೆ ಮಾಡಿಡಬೇಕು. ತಿಳಿವಳಿಕೆ ಹೋದ ಮೇಲೆ ಒತ್ತಿಸಿದ ಹೆಬ್ಬೆಟ್ಟು ಅನ್ಯಾಯವೂ ಹೌದು, ಕೋರ್ಟಿನಲ್ಲಿ ನಿಲ್ಲುವುದೂ ಕಷ್ಟ.

ಇಷ್ಟನ್ನೆಲ್ಲ ಮಾಡುವವರು ಯಾರು? ನಮ್ಮಲ್ಲಿ ಬಹುತೇಕ ಸೊಸೆ, ಇಲ್ಲವೇ ಹೆಂಡತಿ, ಇಲ್ಲವೇ ಮದುವೆಯಾಗದ ಮಗಳು. ಐವತ್ತರ ಹೆಂಗಸು ಎಂಬತ್ತರ ಅತ್ತೆಯನ್ನು ನೋಡಿಕೊಳ್ಳುತ್ತ ತನ್ನ ಬಿಪಿ ಗುಳಿಗೆ ಮುಗಿದು ಹದಿನೈದು ದಿನವಾಗಿದ್ದನ್ನು ಗಮನಿಸುವುದಿಲ್ಲ. ನಿಂತೇ ಉಣ್ಣುತ್ತಾಳೆ, ರಾತ್ರಿ ನಾಲ್ಕು ಸಲ ಏಳುತ್ತಾಳೆ, ಅಕ್ಕನ ಮಗಳ ಮದುವೆಗೆ ಹೋಗುವುದಿಲ್ಲ. ಅಮೆರಿಕದಲ್ಲಿ ರಿಚರ್ಡ್ ಶುಲ್ಟ್ಸ್ ಮತ್ತು ಸ್ಕಾಟ್ ಬೀಚ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತ ಒತ್ತಡದಿಂದ ಬಳಲಿದ ವಯಸ್ಸಾದವರಿಗೆ, ಆ ಹೊಣೆಯಿಲ್ಲದ ಸಮವಯಸ್ಕರಿಗಿಂತ ನಾಲ್ಕು ವರ್ಷಗಳಲ್ಲಿ ಸಾಯುವ ಸಂಭವ ನೂರಕ್ಕೆ 63ರಷ್ಟು ಹೆಚ್ಚಿತ್ತು. ಆರೈಕೆ ಮಾಡುವವಳ ಊಟ, ನಿದ್ದೆ, ಗುಳಿಗೆಗಳನ್ನು ರೋಗಿಯ ದಿನಚರಿಯಷ್ಟೇ ಬಿಗಿಯಾಗಿ ಮನೆಯವರೆಲ್ಲ ಕಾಯಬೇಕು.

ಅವಳಿಗೂ ಮುಂದೆ ಇದೇ ಕಾಯಿಲೆ ಬರಬಾರದೆಂದರೆ ಏನು ಮಾಡಬೇಕು? "ನಮ್ಮ ಮನ್ಯಾಗ ಇದು ಅದ, ನನಗೂ ಬರ್ತೇತೇನ್ರಿ?" ಎಂಬ ಪ್ರಶ್ನೆ ಎಲ್ಲ ಆರೈಕೆದಾರರ ಮನಸ್ಸಿನಲ್ಲೂ ಇರುತ್ತದೆ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಹದಿನಾಲ್ಕು ಕಾರಣಗಳನ್ನು ಪಟ್ಟಿ ಮಾಡಿತು. ಅವೆಲ್ಲವನ್ನೂ ಸರಿಪಡಿಸಲು ಸಾಧ್ಯವಾದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಅದರ ಅಂದಾಜು. ಇದು ಇಡೀ ಸಮಾಜದ ಲೆಕ್ಕ, ಒಬ್ಬೊಬ್ಬರಿಗೆ ಕೊಟ್ಟ ಭರವಸೆಯಲ್ಲ. ಶಾಲೆ ಸಿಗದಿರುವುದು, ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ಬಿಪಿ, ಸಕ್ಕರೆ, ತಂಬಾಕು, ಕುಡಿತ, ತಲೆಪೆಟ್ಟು, ಒಂಟಿತನ, ಹೊಗೆ ಆ ಪಟ್ಟಿಯಲ್ಲಿವೆ.

ನನ್ನ ಅಭಿಪ್ರಾಯದಲ್ಲಿ ನಮ್ಮ ಮೂರು ತಾಲ್ಲೂಕುಗಳಿಗೆ ಇವುಗಳಲ್ಲಿ ಮೊದಲನೆಯದು ಬಿಪಿ. ಚೀನಾದ 326 ಹಳ್ಳಿಗಳಲ್ಲಿ ಸುಮಾರು 34 ಸಾವಿರ ಜನರ ಮೇಲೆ ನಡೆದ, 2025ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಆಧಾರ. ಅರ್ಧದಷ್ಟು ಹಳ್ಳಿಗಳಲ್ಲಿ, ಪೂರ್ತಿ ವೈದ್ಯಶಿಕ್ಷಣ ಪಡೆಯದ ಊರಿನ ಆರೋಗ್ಯ ಕಾರ್ಯಕರ್ತರೇ ನಿಗದಿತ ವಿಧಾನದಂತೆ ಗುಳಿಗೆ ಕೊಟ್ಟು, ಮನೆಯಲ್ಲೇ ಬಿಪಿ ನೋಡಲು ಕಲಿಸಿ, ಬಿಡದೆ ವಿಚಾರಿಸಿದರು. ನಾಲ್ಕು ವರ್ಷಕ್ಕೆ ಆ ಹಳ್ಳಿಗಳಲ್ಲಿ ಡಿಮೆನ್ಷಿಯಾ ಉಳಿದ ಹಳ್ಳಿಗಳಿಗಿಂತ ನೂರಕ್ಕೆ 15ರಷ್ಟು ಕಡಿಮೆಯಿತ್ತು. ದೊಡ್ಡ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಹಳೆಯ ಅಗ್ಗದ ಗುಳಿಗೆಯನ್ನು ತಪ್ಪದೆ ನುಂಗಿದ್ದಷ್ಟೇ. ನಮ್ಮಲ್ಲಿ ತಪ್ಪುವುದೂ ಅಲ್ಲಿಯೇ. "ಈಗ ಆರಾಮೈತಿ" ಎಂದು ಗುಳಿಗೆ ಬಿಡುತ್ತಾರೆ. ಆರಾಮಿರುವುದು ಗುಳಿಗೆಯಿಂದಲೇ.

ಊಟದ ವಿಷಯದಲ್ಲಿ ನಮ್ಮ ಹಿರಿಯರ ತಟ್ಟೆಗೆ ಹೆದರಬೇಕಿಲ್ಲ. ಬಿಳಿಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಮೆಂತ್ಯೆ, ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಮೊಸರು ಎಲ್ಲವೂ ಒಳ್ಳೆಯವೇ. ಹೆದರಬೇಕಾದದ್ದು ಉಪ್ಪಿಗೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಮೀರಬಾರದೆನ್ನುತ್ತದೆ, ಒಂದು ಚಹಾ ಚಮಚ ಅಷ್ಟೇ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಭಜಿ ಸೇರಿದರೆ ಅದು ಯಾವಾಗಲೋ ದಾಟಿರುತ್ತದೆ. ಫಿನ್‌ಲ್ಯಾಂಡ್‌ನಲ್ಲಿ ಮಿಯಾ ಕಿವಿಪೆಲ್ಟೊ ತಂಡ 60ರಿಂದ 77 ವಯಸ್ಸಿನ 1,260 ಜನರ ಮೇಲೆ ಎರಡು ವರ್ಷ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಊಟ, ವ್ಯಾಯಾಮ, ಮೆದುಳಿಗೆ ಕೆಲಸ, ಬಿಪಿ-ಸಕ್ಕರೆಯ ನಿಗಾ ನಾಲ್ಕನ್ನೂ ಒಟ್ಟಿಗೆ ಮಾಡಿದವರ ಬುದ್ಧಿಚುರುಕು ಹೆಚ್ಚು ಚೆನ್ನಾಗಿ ಉಳಿಯಿತು.

ಕಿವಿಯ ಬಗ್ಗೆ ನಮ್ಮ ಜನ ಬಹಳ ಉದಾಸೀನ ಮಾಡುತ್ತಾರೆ. ವಿದ್ಯುತ್ ಮಗ್ಗದ ಸದ್ದಿನಲ್ಲಿ ಮೂವತ್ತು ವರ್ಷ ದುಡಿದವರ ಕಿವಿ ಮಂದವಾಗದೆ ಇರದು. ಕೇಳದವರು ಕಟ್ಟೆಗೆ ಹೋಗುವುದು ಬಿಡುತ್ತಾರೆ, ಮಾತು ಬಿಡುತ್ತಾರೆ, ಮೆದುಳಿಗೆ ಕೆಲಸ ತಪ್ಪುತ್ತದೆ. ಕಿವಿಯಂತ್ರ ಹಾಕಿಕೊಳ್ಳಲು ನಾಚಿಕೆ ಬೇಡ, ಕಣ್ಣಿನ ಪೊರೆ ತೆಗೆಸಲು ಮುಂದಿನ ವರ್ಷಕ್ಕೆ ಕಾಯುವುದೂ ಬೇಡ. ಎರಡು ಮೂರು ಭಾಷೆ ಬಲ್ಲವರಿಗೆ ಒಂದು ಸಮಾಧಾನದ ಸುದ್ದಿಯೂ ಇದೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಡಿಮೆನ್ಷಿಯಾದ 648 ಜನರನ್ನು ಪರಿಶೀಲಿಸಿ 2013ರಲ್ಲಿ ವರದಿ ಮಾಡಿದಂತೆ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಅಕ್ಷರ ಬಾರದವರಲ್ಲೂ ಹೀಗೆಯೇ ಇತ್ತು. ಬೇರೆಡೆಯ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ಆದರೂ ಮನೆಯಲ್ಲಿ ಉರ್ದುವೋ ಲಂಬಾಣಿಯೋ, ಸಂತೆಯಲ್ಲಿ ಕನ್ನಡವೋ ಆಡುವ ಗಜೇಂದ್ರಗಡದ ಹೆಂಗಸಿನ ಮೆದುಳಿಗೆ ಆ ರೂಢಿಯಿಂದ ನಷ್ಟವಂತೂ ಇಲ್ಲ.

ಕರ್ನಾಟಕದಲ್ಲಿ ಕೆಲಸ ನಡೆಯುತ್ತಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷ ವರ್ಷವೂ ಪರೀಕ್ಷಿಸುತ್ತಿದೆ. ಹಳ್ಳಿಯವರ ಮೆದುಳು ಹೇಗೆ ಮುಪ್ಪಾಗುತ್ತದೆ ಎಂಬುದಕ್ಕೆ ನಮ್ಮದೇ ಉತ್ತರ ಅಲ್ಲಿಂದ ಬರಲಿದೆ. ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮವೊಂದನ್ನು ಆರಂಭಿಸಿದೆ. ನಮ್ಮ ಭಾಗದವರಿಗೆ ಗದಗಿನ ವೈದ್ಯಕೀಯ ಕಾಲೇಜು ಆಸ್ಪತ್ರೆ, ಹಿಂದೆ ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್ ಹತ್ತಿರದವು. ಮನಸ್ಸಿಗೆ ಬೇಸರ ತಡೆಯದಾದಾಗ ಟೆಲಿಮಾನಸ್‌ಗೆ 14416, ಹಿರಿಯರ ಕುರಿತ ಸಹಾಯಕ್ಕೆ 14567, ಎರಡೂ ಉಚಿತ ಕರೆಗಳು.

ಆದರೆ ನಿಜವಾದ ನೆರವು ಮನೆಯ ಬಾಗಿಲಿಗೆ ಬರಬೇಕು. ಪಕ್ಕದ ಗೋವಾದಲ್ಲಿ ಅಮಿತ್ ಡಯಾಸ್, ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಡಿಮೆನ್ಷಿಯಾ ಇರುವ 81 ಕುಟುಂಬಗಳೊಂದಿಗೆ ಇದನ್ನು ಮಾಡಿ ನೋಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಹನ್ನೆರಡನೇ ತರಗತಿಯವರೆಗೆ ಓದಿದ ಸ್ಥಳೀಯರಿಗೆ ಒಂದು ವಾರ ತರಬೇತಿ ಕೊಟ್ಟು, ಮನೆಗಳಿಗೆ ಹೋಗಿ ಕೂತು ಕೇಳಲು, ಜಳಕ ಊಟದ ತೊಡಕಿಗೆ ದಾರಿ ಹೇಳಲು, ಬೇಕಾದಾಗ ವೈದ್ಯರನ್ನು ಕರೆತರಲು ಕಳಿಸಿದರು. ಆರೈಕೆ ಮಾಡುವವರ ಮನಸ್ಸಿನ ಭಾರ ಕಡಿಮೆಯಾಯಿತು. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಆಶಾ ಕಾರ್ಯಕರ್ತೆಯರು ಈಗಾಗಲೇ ಬಾಣಂತಿಯ ಮನೆಗೆ, ಕ್ಷಯರೋಗಿಯ ಮನೆಗೆ ಹೋಗುತ್ತಾರೆ. ಇದ್ದ ಗೌರವಧನಕ್ಕೇ ಇನ್ನೊಂದು ಹೊರೆ ಹೇರುವುದು ತಪ್ಪು. ಸರಿಯಾದ ಸಂಬಳ ಕೊಟ್ಟು, ಗೋವಾದಂತೆ ಒಂದು ವಾರ ಕಲಿಸಿ, ಹದಿನೈದು ದಿನಕ್ಕೊಮ್ಮೆ ಮರೆವಿನ ಮನೆಗಳಿಗೆ ಕಳಿಸುವ ವ್ಯವಸ್ಥೆಯನ್ನು ಗದಗ ಜಿಲ್ಲೆ ಮೊದಲು ಮಾಡಬಹುದು. ಅದು ಬರುವವರೆಗೆ, ಊರಲ್ಲೇ ಇರುವ ಅಣ್ಣ ತಮ್ಮಂದಿರೂ ಹೆಣ್ಣುಮಕ್ಕಳೂ ವಾರದ ದಿನಗಳನ್ನು ಹಂಚಿಕೊಳ್ಳಬೇಕು. ಸೊಸೆಗೆ ವಾರಕ್ಕೆ ಒಂದು ಪೂರ್ತಿ ದಿನ ಬಿಡುವು ಸಿಗಬೇಕು. ಅವತ್ತು ಆಕೆ ತವರಿಗಾದರೂ ಹೋಗಲಿ, ಮನೆಯಲ್ಲೇ ಮಲಗಿ ನಿದ್ದೆಯಾದರೂ ಮಾಡಲಿ, ಯಾರೂ ಲೆಕ್ಕ ಕೇಳಬಾರದು.